ನಾಟಕದ ಪಾಠಕ್ಕೆ ಸಿನಿಮಾ: ದಾರಿಯೋ, ಅಡ್ಡದಾರಿಯೋ?

(ಕೊಡಗಿನ ಸಿದ್ದಾಪುರದಲ್ಲಿ ಭಾಷಾ ಶಿಕ್ಷಕರ ಸಣ್ಣ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಪಾಠ ಹೇಳುವವರ ಮುಂದೆ ಪಾಠದ ಬಗ್ಗೆ ಮಾತನಾಡುವುದು ಪತ್ರಿಕಾ ವರದಿಗಾರನ ಪಾಲಿಗೆ ಸುಲಭದ ಕೆಲಸವಲ್ಲ. ನನ್ನ ಓದು ಪತ್ರಿಕೋದ್ಯಮದ ಡಿಪ್ಲೊಮಾಕ್ಕೆ ಮುಗಿದದ್ದು. ಆದರೆ ಒಂದೇ ಘಟನೆಯನ್ನು ಇಬ್ಬರು ಹೇಳಿದಾಗ ಅವರ ಮಾತು ಎಲ್ಲಿ ಬೇರೆಯಾಯಿತು, ಏಕೆ ಬೇರೆಯಾಯಿತು ಎಂದು ನೋಡುವುದು ನಮ್ಮ ವೃತ್ತಿಯ ನಿತ್ಯದ ಅಭ್ಯಾಸ. ಇಂದಿನ ವಿಷಯಕ್ಕೆ ಆ ಅಭ್ಯಾಸವೊಂದೇ ನನ್ನ ಬಂಡವಾಳ.

ನಾಟಕವೊಂದು ಪಠ್ಯವಾಗಿದೆ; ಅದೇ ನಾಟಕ ಸಿನಿಮಾ ಕೂಡ ಆಗಿದೆ. ತರಗತಿಯಲ್ಲಿ ಸಿನಿಮಾ ತೋರಿಸಬಹುದೇ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ‘ತೋರಿಸಿಬಿಡಿ, ಮಕ್ಕಳಿಗೆ ಬೇಗ ಅರ್ಥವಾಗುತ್ತದೆ’ ಎನ್ನುವುದು ಒಂದು. ‘ತೋರಿಸಬೇಡಿ, ಆಮೇಲೆ ಅವರು ಪುಸ್ತಕವನ್ನೇ ತೆರೆಯುವುದಿಲ್ಲ’ ಎನ್ನುವುದು ಇನ್ನೊಂದು. ಮೇಲುನೋಟಕ್ಕೆ ಇವು ವಿರುದ್ಧ ದಿಕ್ಕಿನವು. ಆದರೆ ಎರಡರ ತಳಹದಿಯೂ ಒಂದೇ: ಸಿನಿಮಾ ಎಂದರೆ ನಾಟಕದ ಬದಲಿ ವಸ್ತು ಎಂಬ ನಂಬಿಕೆ. ಆ ನಂಬಿಕೆಯನ್ನೇ ಸ್ವಲ್ಪ ಅಲುಗಾಡಿಸಿ ನೋಡೋಣ ಎಂಬುದು ನನ್ನ ಕೋರಿಕೆ.

ಮೊದಲು ನಮ್ಮ ಊರಿನ ಸ್ಥಿತಿಯನ್ನು ನೆನೆಯಬೇಕು. ಸಿದ್ದಾಪುರ ಕಾಫಿ ತೋಟಗಳ ನಡುವಿನ ಪೇಟೆ. ಇಲ್ಲಿನ ಒಂದೊಂದು ತರಗತಿಯಲ್ಲಿ ಕೊಡವ ತಕ್ಕ್, ಮಲಯಾಳಂ, ತುಳು, ತಮಿಳು, ಎರವ ನುಡಿ, ಜೇನುಕುರುಬರ ನುಡಿ ಆಡುವ ಮನೆಗಳಿಂದ ಬಂದ ಮಕ್ಕಳು ಪಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಅನೇಕರಿಗೆ ಕನ್ನಡ ಶಾಲೆಯ ಭಾಷೆ, ಮನೆಯ ಭಾಷೆಯಲ್ಲ. ಆಧುನಿಕ ನಾಟಕವನ್ನು ರಂಗದ ಮೇಲೆ ನೋಡಬೇಕೆಂದರೆ ಮೈಸೂರಿನ ರಂಗಾಯಣಕ್ಕೆ ಸುಮಾರು ನೂರು ಕಿಲೋಮೀಟರ್ ಪ್ರಯಾಣ. ಸಂಜೆಯ ಪ್ರದರ್ಶನ ಮುಗಿಸಿ ಆನೆ ಓಡಾಡುವ ತೋಟದ ದಾರಿಯಲ್ಲಿ ರಾತ್ರಿ ಮನೆ ಸೇರುವುದು ಯಾವ ತಾಯ್ತಂದೆಗಳೂ ಒಪ್ಪುವ ಮಾತಲ್ಲ. ಹಾಗಾಗಿ ಇಲ್ಲಿನ ಬಹುಪಾಲು ಮಕ್ಕಳಿಗೆ ನಾಟಕ ಎಂದರೆ ಅಚ್ಚಾದ ಹಾಳೆ. ಎಡಗಡೆ ಪಾತ್ರದ ಹೆಸರು, ಬಲಗಡೆ ಮಾತು.

ನಾಟಕ ಓದುವುದಕ್ಕಾಗಿ ಮಾತ್ರ ಬರೆದದ್ದಲ್ಲ. ಸ್ವರಲಿಪಿ ಹೇಗೆ ಸಂಗೀತವಲ್ಲವೋ ಹಾಗೆ ಅಚ್ಚಾದ ನಾಟಕ ಪೂರ್ತಿ ನಾಟಕವಲ್ಲ. ಸಂಗೀತವನ್ನೇ ಕೇಳದವನಿಗೆ ಸ್ವರಲಿಪಿ ಕೊಟ್ಟು ರಾಗದ ಸೊಗಸು ವಿವರಿಸು ಎಂದರೆ ಅವನು ಏನು ಬರೆದಾನು? ಆದ್ದರಿಂದ ಸಿನಿಮಾದ ನೆರವು ಪಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪ್ರಶ್ನೆ ಇರುವುದು ಅದನ್ನು ಯಾವ ರೀತಿಯಲ್ಲಿ ಬಳಸಬೇಕು ಎಂಬುದರಲ್ಲಿ.

ಎರಡು ನಾಗಮಂಡಲಗಳು

ಒಂದು ನಿರ್ದಿಷ್ಟ ಉದಾಹರಣೆ ಹಿಡಿಯೋಣ. ಗಿರೀಶ ಕಾರ್ನಾಡರ ‘ನಾಗಮಂಡಲ’ 1980ರ ದಶಕದ ಕೊನೆಯಲ್ಲಿ, ಅವರು ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದ ನಾಟಕ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು ಅದರ ಮೂಲ. ಕಾರ್ನಾಡರೇ ಮಾಡಿದ ಇಂಗ್ಲಿಷ್ ರೂಪ 1993ರಲ್ಲಿ ಮಿನಿಯಾಪೊಲಿಸ್ ನಗರದ ಗತ್ರಿ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಕನ್ನಡ ಚಲನಚಿತ್ರವಾಗಿಸಿದರು. ಅಪ್ಪಣ್ಣ ಮತ್ತು ನಾಗ ಎರಡೂ ಪಾತ್ರಗಳಲ್ಲಿ ಪ್ರಕಾಶ್ ರೈ, ರಾಣಿಯಾಗಿ ವಿಜಯಲಕ್ಷ್ಮಿ, ಸಿ. ಅಶ್ವಥ್ ಅವರ ಸಂಗೀತ, ಗೋಪಾಲ ವಾಜಪೇಯಿ ಅವರ ಹಾಡುಗಳು. ಕಾರ್ನಾಡರು ಸ್ವತಃ ಚಿತ್ರ ನಿರ್ದೇಶಕರು. ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಆಧರಿಸಿ 1984ರಲ್ಲಿ ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದವರು. ಆದರೂ ತಮ್ಮ ಈ ನಾಟಕದ ಚಿತ್ರವನ್ನು ಮತ್ತೊಬ್ಬರ ಕೈಗೆ ಬಿಟ್ಟರು. ಆದ್ದರಿಂದ ಚಿತ್ರವನ್ನು ನೋಡುವಾಗ ನಾವು ನೋಡುತ್ತಿರುವುದು ನಾಗಾಭರಣರು ಆ ನಾಟಕವನ್ನು ಓದಿಕೊಂಡ ಬಗೆಯನ್ನು.

ಕಥೆ ನಿಮಗೆಲ್ಲ ಗೊತ್ತು. ಹೊಸದಾಗಿ ಮದುವೆಯಾದ ರಾಣಿಯನ್ನು ಗಂಡ ಅಪ್ಪಣ್ಣ ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಕುರುಡವ್ವ ಎಂಬ ಮುದುಕಿ ಗಂಡನನ್ನು ಒಲಿಸಿಕೊಳ್ಳಲು ಬೇರೊಂದನ್ನು ಕೊಡುತ್ತಾಳೆ. ಬೇರು ಬೆರೆಸಿದ ಸಾರು ರಕ್ತದಂತೆ ಕೆಂಪಾದಾಗ ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ಅವಳಿಗೆ ಒಲಿದು, ಪ್ರತಿ ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರತೊಡಗುತ್ತಾನೆ. ರಾಣಿ ಬಸಿರಾಗುತ್ತಾಳೆ. ತಾನು ಮುಟ್ಟದ ಹೆಂಡತಿ ಬಸಿರಾದದ್ದು ಹೇಗೆಂದು ಅಪ್ಪಣ್ಣ ಪಂಚರ ಮುಂದೆ ದೂರು ಒಯ್ಯುತ್ತಾನೆ. ಹುತ್ತದಲ್ಲಿ ಕೈಯಿಟ್ಟು ಹಾವನ್ನು ಹಿಡಿದು, ನನ್ನ ಗಂಡನನ್ನೂ ಈ ನಾಗನನ್ನೂ ಬಿಟ್ಟು ಇನ್ನಾರನ್ನೂ ನಾನು ಮುಟ್ಟಿಲ್ಲ ಎಂಬರ್ಥದ ಪ್ರಮಾಣವನ್ನು ರಾಣಿ ಮಾಡುತ್ತಾಳೆ. ಹಾವು ಕಚ್ಚುವುದಿಲ್ಲ, ಹೆಡೆಯೆತ್ತಿ ಅವಳಿಗೆ ನೆರಳಾಗುತ್ತದೆ. ಊರು ಅವಳನ್ನು ದೇವಿ ಎಂದು ಕೊಂಡಾಡುತ್ತದೆ.

ಇಷ್ಟು ಭಾಗ ನಾಟಕದಲ್ಲೂ ಇದೆ, ಚಿತ್ರದಲ್ಲೂ ಇದೆ. ಆದರೆ ನಾಟಕದಲ್ಲಿ ಇದರ ಸುತ್ತ ಇನ್ನೊಂದು ಕಥೆ ಇದೆ. ಪಾಳುಬಿದ್ದ ಗುಡಿಯಲ್ಲಿ ಒಬ್ಬ ನಾಟಕಕಾರ ಕುಳಿತಿದ್ದಾನೆ. ಅವನ ನಾಟಕ ನೋಡುತ್ತ ಅದೆಷ್ಟೋ ಜನ ನಿದ್ದೆ ಹೋದದ್ದರಿಂದ ಅವನಿಗೊಂದು ಶಾಪ ತಟ್ಟಿದೆ: ತಿಂಗಳೊಳಗೆ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಾಗಿರಬೇಕು, ಇಲ್ಲದಿದ್ದರೆ ಸಾವು. ಅದು ಕೊನೆಯ ರಾತ್ರಿ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಗುಟ್ಟುಗಳನ್ನು ಹಂಚಿಕೊಳ್ಳುತ್ತವೆ. ಅಲ್ಲಿಗೆ ಕಥೆಯೇ ಹೆಣ್ಣಿನ ರೂಪ ತಾಳಿ ಬರುತ್ತದೆ. ರಾಣಿಯ ಬದುಕನ್ನು ಹೇಳುವುದು ಆ ಕಥೆ. ಕೇಳುವವರು ಜ್ಯೋತಿಗಳು ಮತ್ತು ಆ ನಾಟಕಕಾರ. (ಕೇಳುವವರನ್ನು ನಿದ್ದೆಗೆ ಕೆಡವಿದವನಿಗೆ ಮರಣದಂಡನೆ ಎಂಬ ಈ ಕಾನೂನು ಮೇಷ್ಟರುಗಳಿಗೆ ಅನ್ವಯಿಸದಿರುವುದು ಎಲ್ಲರ ಪುಣ್ಯ. ಭಾಷಣಕಾರರಿಗೂ ಅನ್ವಯಿಸದಿರಲಿ.)

ಚಲನಚಿತ್ರದಲ್ಲಿ ಈ ಹೊರ ಚೌಕಟ್ಟು ಇಲ್ಲ. ಪಾಳುಗುಡಿಯ ನಾಟಕಕಾರನೂ ಹರಟುವ ಜ್ಯೋತಿಗಳೂ ಇಲ್ಲ. ಅದರ ಜಾಗದಲ್ಲಿ ಉತ್ತರ ಕರ್ನಾಟಕದ ಹಳ್ಳಿಯೊಂದರ ಬದುಕು, ಮಾತು, ಹಾಡು ತುಂಬಿ ಬಂದಿವೆ.

ಬಿಟ್ಟದ್ದೇ ಪಾಠ

ಚಿತ್ರ ಮಾತ್ರ ನೋಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಜ್ಯೋತಿಗಳ ಬಗ್ಗೆ ಪ್ರಶ್ನೆ ಬಂದರೆ ತಬ್ಬಿಬ್ಬಾಗುತ್ತಾನೆ. ಅವನಿಗೆ ಅಂಕ ಹೋಗುತ್ತದೆ. ಚಿತ್ರ ತೋರಿಸಬಾರದು ಎನ್ನುವವರು ಮುಂದಿಡುವ ವಾದ ಇದು. ಆದರೆ ಅಂಕಕ್ಕಿಂತ ದೊಡ್ಡ ನಷ್ಟವೊಂದು ಇಲ್ಲಿದೆ.

ಪಂಚಾಯಿತಿ ಮುಗಿದು ರಾಣಿ ದೇವಿಯಾದ ಮೇಲೆ ನಾಟಕದಲ್ಲಿ ಕಥೆ ‘ಎಲ್ಲರೂ ಸುಖವಾಗಿದ್ದರು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಗ ಕೇಳುತ್ತ ಕುಳಿತವರು ಒಪ್ಪುವುದಿಲ್ಲ. ರಾತ್ರಿ ಬರುತ್ತಿದ್ದವನು ಬೇರೆ, ಈಗ ಬಂದವನು ಬೇರೆ ಎಂದು ರಾಣಿಗೆ ತಿಳಿಯದೇ ಹೋಯಿತೆ? ಹೆಂಡತಿಯನ್ನು ತಾನು ಮುಟ್ಟಿಲ್ಲ ಎಂದು ಖಚಿತವಾಗಿ ಬಲ್ಲ ಅಪ್ಪಣ್ಣ ಆ ಮಗುವನ್ನು ಹೇಗೆ ಒಪ್ಪಿಕೊಂಡ? ನಾಗನ ಗತಿ ಏನಾಯಿತು? ಈ ಪ್ರಶ್ನೆಗಳು ಕಥೆಯನ್ನು ಮುಂದಕ್ಕೆ ತಳ್ಳುತ್ತವೆ. ಒಂದು ಮುಕ್ತಾಯದಲ್ಲಿ ನಾಗ ರಾಣಿಯ ಕೂದಲನ್ನೇ ಕೊರಳಿಗೆ ಉರುಳಾಗಿ ಬಿಗಿದುಕೊಂಡು ಸಾಯುತ್ತಾನೆ. ಆ ಹಾವಿಗೆ ತನ್ನ ಮಗನೇ ಕೊಳ್ಳಿಯಿಡಬೇಕು, ವರ್ಷವರ್ಷ ಪಿಂಡ ಹಾಕಬೇಕು ಎಂದು ರಾಣಿ ಕೇಳಿ ಪಡೆಯುತ್ತಾಳೆ. ಆಗ ಅವಳಿಗೆ ಎಲ್ಲವೂ ತಿಳಿದಿತ್ತೆಂದು ನಮಗೆ ಹೊಳೆಯುತ್ತದೆ. ಅದಕ್ಕೂ ಒಪ್ಪದೆ ಇನ್ನೊಂದು ಮುಕ್ತಾಯ ಹುಟ್ಟುತ್ತದೆ: ನಾಗ ಸಾಯುವುದಿಲ್ಲ, ರಾಣಿಯ ಮುಡಿಯಲ್ಲೇ ಆಶ್ರಯ ಪಡೆಯುತ್ತಾನೆ.

ಅಂದರೆ ಈ ನಾಟಕದಲ್ಲಿ ಕೇಳುಗರಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಅವರು ಕೇಳಿದ್ದರಿಂದಲೇ ಕಥೆ ಬದಲಾಗುತ್ತದೆ. ಚೌಕಟ್ಟನ್ನು ತೆಗೆದಾಗ ಹೋಗುವುದು ಒಂದು ವಿಚಿತ್ರ ಪೀಠಿಕೆಯಷ್ಟೇ ಅಲ್ಲ, ಪ್ರಶ್ನೆ ಕೇಳುವವರೇ ಹೋಗುತ್ತಾರೆ.

ಇದಕ್ಕೆ ನಾಗಾಭರಣರನ್ನು ದೂರಬೇಕಾಗಿಲ್ಲ. ಮಾತನಾಡುವ ಜ್ಯೋತಿಗಳನ್ನು ರಂಗದ ಪ್ರೇಕ್ಷಕ ಥಟ್ಟನೆ ಒಪ್ಪುತ್ತಾನೆ. ದೀಪ ಹಿಡಿದು ಬಂದ ನಟಿ ‘ನಾನು ಜ್ಯೋತಿ’ ಎಂದರೆ ಸಾಕು. ಕ್ಯಾಮೆರಾಕ್ಕೆ ಆ ಸಲಿಗೆ ಕಡಿಮೆ. ಅದು ಮಣ್ಣು, ಗೋಡೆ, ಬೀಗ, ಮುಖ ಎಲ್ಲವನ್ನೂ ಇದ್ದಂತೆ ಹಿಡಿಯುತ್ತದೆ. ರಂಗದಲ್ಲಿ ಹೇಳಿದರೆ ನಡೆಯುತ್ತದೆ, ತೆರೆಯಲ್ಲಿ ಕಾಣಿಸಬೇಕಾಗುತ್ತದೆ. ಈ ಕಷ್ಟವನ್ನು ಬೇರೆಯವರೂ ಎದುರಿಸಿದ್ದಾರೆ. ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ಯನ್ನು 1944ರಲ್ಲಿ ಚಿತ್ರವಾಗಿಸಿದ ಲಾರೆನ್ಸ್ ಒಲಿವಿಯರ್, ಆರಂಭವನ್ನು ಲಂಡನ್ನಿನ ಹಳೆಯ ಗ್ಲೋಬ್ ರಂಗಮಂದಿರದ ಪ್ರದರ್ಶನವಾಗಿಯೇ ತೋರಿಸಿ, ಬಳಿಕ ನಿಧಾನವಾಗಿ ಬಯಲಿನ ಯುದ್ಧಕ್ಕೆ ಕರೆದೊಯ್ದರು. ಜಪಾನಿನ ಅಕಿರ ಕುರೊಸಾವಾ 1957ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ತಮ್ಮ ನಾಡಿನ ಸಮುರಾಯಿಗಳ ಕಾಲಕ್ಕೆ ಒಯ್ದು, ಷೇಕ್ಸ್‌ಪಿಯರನ ಮಾತುಗಳನ್ನೇ ಕೈಬಿಟ್ಟರು. ಪ್ರತಿಯೊಬ್ಬ ನಿರ್ದೇಶಕನೂ ಏನನ್ನೋ ಬಿಡುತ್ತಾನೆ, ಏನನ್ನೋ ಸೇರಿಸುತ್ತಾನೆ. ಶಿಕ್ಷಕನಿಗೆ ಬೇಕಾದ ಸಾಮಗ್ರಿ ಈ ವ್ಯತ್ಯಾಸದಲ್ಲೇ ಇದೆ.

ಚಿತ್ರ ಖಾಲಿ ಬಿಟ್ಟ ಆ ಜ್ಯೋತಿಗಳ ಜಾಗದಲ್ಲಿ ನಮ್ಮ ತರಗತಿಯನ್ನು ಕೂರಿಸಬಾರದೇಕೆ? ಚಿತ್ರದ ಕೊನೆಯಲ್ಲಿ ಪರದೆ ಕಪ್ಪಾದಾಗ ಮಕ್ಕಳೇ ಎದ್ದು, ‘ಇದು ಹೀಗೆ ಮುಗಿಯುವುದು ಹೇಗೆ?’ ಎಂದು ಕೇಳಲಿ. ಕೇಳಿದ ಮಕ್ಕಳು ಮತ್ತೆ ಪುಸ್ತಕ ತೆರೆದು, ತಮ್ಮದೇ ಪ್ರಶ್ನೆಯನ್ನು ಅಲ್ಲಿ ಜ್ಯೋತಿಗಳೂ ನಾಟಕಕಾರನೂ ಮೊದಲೇ ಕೇಳಿರುವುದನ್ನು ಕಾಣಲಿ. ಚೌಕಟ್ಟು ಏಕೆ ಬೇಕಿತ್ತು ಎಂಬುದನ್ನು ಆಮೇಲೆ ಯಾರೂ ಅವರಿಗೆ ಟಿಪ್ಪಣಿ ಬರೆಸಿ ಹೇಳಬೇಕಾಗಿಲ್ಲ.

ಪಂಚಾಯಿತಿಯ ದೃಶ್ಯ

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಪಂಚಾಯಿತಿಯ ದೃಶ್ಯವನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಹೆಡೆಯೆತ್ತಿದ ಹಾವು, ಕೈಮುಗಿದ ಊರು, ಮೊಳಗುವ ಸಂಗೀತ ಸೇರಿದರೆ ನೋಡುವವರ ಮೈ ಜುಮ್ಮೆನ್ನುವುದು ಸಹಜ. ಪವಾಡ ನಡೆಯಿತು, ರಾಣಿ ಪತಿವ್ರತೆ ಎಂದು ಸಾಬೀತಾಯಿತು, ಎಲ್ಲ ಸರಿಹೋಯಿತು ಎಂಬ ಸಮಾಧಾನದೊಂದಿಗೆ ಮಗು ಮನೆಗೆ ಹೋಗಬಹುದು.

ಆದರೆ ನಡೆದದ್ದೇನು? ಹೆಂಡತಿಯನ್ನು ಬೀಗ ಹಾಕಿಟ್ಟು ಬೇರೊಬ್ಬಳ ಮನೆಯಲ್ಲಿದ್ದವನು ದೂರುದಾರ. ಅವನನ್ನು ಪಂಚರು ಯಾವ ಪರೀಕ್ಷೆಗೂ ಒಡ್ಡುವುದಿಲ್ಲ. ಪರೀಕ್ಷೆ ಅವಳಿಗೆ ಮಾತ್ರ. ಕಾದ ಕಬ್ಬಿಣವೋ ಹುತ್ತದ ಹಾವೋ ಎಂಬುದಷ್ಟೇ ಅಲ್ಲಿನ ಆಯ್ಕೆ. ಅವಳು ಆಡಿದ್ದು ಅಕ್ಷರಶಃ ನಿಜ. ಆದರೆ ಊರು ಕೇಳಿಸಿಕೊಂಡದ್ದು ಆ ನಿಜವನ್ನಲ್ಲ. ಯುರೋಪಿನ ಟ್ರಿಸ್ಟನ್–ಇಸೋಲ್ಡೆ ಕಥೆಯಲ್ಲಿ ಕೂಡ ಇಂಥದೇ ದೃಶ್ಯವಿದೆ. ರಾಣಿ ಇಸೋಲ್ಡೆ ಎರಡರ್ಥದ ಪ್ರಮಾಣ ಮಾಡಿ, ಕಾದ ಕಬ್ಬಿಣ ಹಿಡಿದೂ ಸುಡದೆ ಉಳಿಯುತ್ತಾಳೆ. ಹೆಣ್ಣಿನ ಮಾತನ್ನು ನಂಬದ ಸಮಾಜದಲ್ಲಿ ಅವಳು ನಿಜವನ್ನು ಹೇಳಲು ಒಗಟಿನ ಮೊರೆಹೋಗಬೇಕಾಯಿತು ಎಂಬುದಕ್ಕೆ ದೂರದ ಎರಡು ನಾಡುಗಳ ಕಥೆಗಳು ಸಾಕ್ಷಿ ಹೇಳುತ್ತವೆ.

ನಮ್ಮ ತರಗತಿಯಲ್ಲಿ ಹದಿನಾರು ಹದಿನೇಳರ ಹೆಣ್ಣುಮಕ್ಕಳಿರುತ್ತಾರೆ, ಗಂಡುಮಕ್ಕಳೂ ಇರುತ್ತಾರೆ. ‘ಅವಳ ಪಾತಿವ್ರತ್ಯ ಗೆದ್ದಿತು’ ಎಂದು ಬರೆಸಿ ಪಾಠ ಮುಗಿಸಿದರೆ ಅವರು ಒಯ್ಯುವುದೇನು? ‘ಆ ಪರೀಕ್ಷೆ ನ್ಯಾಯವೇ? ಅಪ್ಪಣ್ಣನನ್ನು ಯಾರಾದರೂ ಏನಾದರೂ ಕೇಳಿದರೇ?’ ಎಂದು ಒಂದೇ ಒಂದು ಪ್ರಶ್ನೆ ಹಾಕಿದರೆ ಒಯ್ಯುವುದೇನು? ನಾಟಕದ ಪಾಠದಲ್ಲಿ ಪಣಕ್ಕಿರುವುದು ಬರೀ ಸಾಹಿತ್ಯವಲ್ಲ ಎಂಬುದು ನನ್ನ ನಂಬಿಕೆ. ನೆರೆಮನೆಯ ಹುಡುಗಿಯ ಬಗ್ಗೆ ಊರು ಪಿಸುಗುಟ್ಟಿದಾಗ ಈ ಮಕ್ಕಳು ನಾಳೆ ಯಾರ ಪಕ್ಕದಲ್ಲಿ ನಿಲ್ಲುತ್ತಾರೆ ಎಂಬುದೂ ಪಣಕ್ಕಿದೆ.

ಹೇಗೆ ಮಾಡಬಹುದು?

ತರಗತಿಯ ವೇಳೆ ಕಡಿಮೆ, ಪಾಠ ಹೆಚ್ಚು. ಮಳೆಗಾಲದಲ್ಲಿ ವಿದ್ಯುತ್ತಿನ ಭರವಸೆಯಿಲ್ಲ. ಪೂರ್ತಿ ಚಿತ್ರ ತೋರಿಸುವುದು ಎಲ್ಲರಿಗೂ ಆಗದು. ಅದು ಅಗತ್ಯವೂ ಅಲ್ಲ. ಒಂದು ದೃಶ್ಯ ಸಾಕು. ನನಗೆ ತೋಚಿದ ಕ್ರಮ ಹೀಗಿದೆ.

ಮೊದಲು ಆ ದೃಶ್ಯವನ್ನು ಪುಸ್ತಕದಿಂದ ಗಟ್ಟಿಯಾಗಿ ಓದಿಸಿ. ಒಬ್ಬ ಅಪ್ಪಣ್ಣ, ಒಬ್ಬಳು ರಾಣಿ, ಮೂವರು ಪಂಚರು. ಬೆಂಚನ್ನು ಬದಿಗೆ ಸರಿಸಿದರೆ ರಂಗ ಸಿದ್ಧ. ರಾಣಿ ಎಲ್ಲಿ ನಿಲ್ಲಬೇಕು, ಪಂಚರು ಕುಳಿತಿರಬೇಕೋ ನಿಂತಿರಬೇಕೋ, ಅವಳ ಮಾತು ಅಳುವಿನದೋ ಸಿಟ್ಟಿನದೋ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ. ಆಮೇಲೆ ಚಿತ್ರದ ಅದೇ ದೃಶ್ಯವನ್ನು ತೋರಿಸಿ. ಈಗ ಅವರು ನೋಡುವುದು ಪವಾಡವನ್ನಷ್ಟೇ ಅಲ್ಲ. ತಾವು ತೀರ್ಮಾನಿಸಿದ್ದನ್ನು ಇನ್ನೊಬ್ಬ ನಿರ್ದೇಶಕ ಹೇಗೆ ತೀರ್ಮಾನಿಸಿದ ಎಂಬುದನ್ನೂ ನೋಡುತ್ತಾರೆ. ಮೂರನೆಯದಾಗಿ ಮತ್ತೆ ಪುಸ್ತಕಕ್ಕೆ ಮರಳಿ, ಏನು ಉಳಿಯಿತು, ಏನು ಹೋಯಿತು, ಏನು ಹೊಸದಾಗಿ ಬಂತು ಎಂದು ಮೂರು ಸಾಲು ಬರೆಸಿ. ಕಡೆಗೆ ‘ಏಕೆ?’ ಎಂದು ಕೇಳಿ. ಓದು, ನೋಟ, ಮರು ಓದು, ಈ ಅನುಕ್ರಮ ತಪ್ಪಬಾರದು. ಚಿತ್ರವನ್ನೇ ಮೊದಲು ತೋರಿಸಿದರೆ ರಾಣಿ ಎಂದೊಡನೆ ನಟಿಯ ಮುಖ ಮೂಡಿಬಿಡುತ್ತದೆ. ಮಗುವಿನ ಸ್ವಂತ ರಾಣಿ ಹುಟ್ಟುವ ಮೊದಲೇ ಅಳಿಸಿಹೋಗುತ್ತಾಳೆ.

ಇನ್ನೊಂದು ಚಿಕ್ಕ ಅಭ್ಯಾಸ. ನಾಟಕದಲ್ಲಿ ರಾಣಿಗೆ ಕನ್ನಡಿಯಲ್ಲಿ ಗಂಡನ ಬದಲು ಹಾವಿನ ಬಿಂಬ ಕಾಣುವ ಗಳಿಗೆಯೊಂದಿದೆ. ರಂಗದ ಮೇಲೆ ಆ ಬಿಂಬ ಪ್ರೇಕ್ಷಕನಿಗೆ ಕಾಣದು; ನಟಿಯ ಬೆಚ್ಚಿದ ಮುಖದಲ್ಲೇ ಅವನು ಅದನ್ನು ಕಾಣಬೇಕು. ತೆರೆಯ ಮೇಲೆ ಕನ್ನಡಿಯನ್ನೇ ತೋರಿಸುವ ಅವಕಾಶವಿದೆ. ಯಾವುದರಲ್ಲಿ ಭಯ ಹೆಚ್ಚು ಎಂದು ಮಕ್ಕಳನ್ನು ಕೇಳಿ. ರಂಗಕಲೆಗೂ ಚಿತ್ರಕಲೆಗೂ ಇರುವ ಅಂತರದ ಬಗ್ಗೆ ಅವರು ಕೊಡುವ ಉತ್ತರ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ನಮ್ಮ ಬಹುಭಾಷೆಯ ತರಗತಿಗೆ ಇದರಲ್ಲಿ ವಿಶೇಷ ಲಾಭವಿದೆ. ಚಿತ್ರದ ಉತ್ತರ ಕರ್ನಾಟಕದ ಮಾತು ನಮ್ಮ ಮಕ್ಕಳಿಗೆ ಕನ್ನಡ ಒಂದೇ ಬಗೆಯದಲ್ಲ ಎಂಬುದನ್ನು ತಿಳಿಸುತ್ತದೆ. ಕನ್ನಡ ಸರಿಯಾಗಿ ಬಾರದೆಂದು ಹಿಂಜರಿಯುವ ಹುಡುಗನಿಗೆ, ಪಕ್ಕದ ‘ಜಾಣ’ನಿಗೂ ಆ ಮಾತು ಅರ್ಧ ಅರ್ಥವಾಗಲಿಲ್ಲ ಎಂಬುದು ಸಣ್ಣ ಧೈರ್ಯ. ತುಳು ಮನೆಯ ಮಕ್ಕಳಿಗೆ ‘ನಾಗಮಂಡಲ’ ಎಂದರೆ ಕರಾವಳಿಯಲ್ಲಿ ಬಣ್ಣದ ಮಂಡಲ ಬರೆದು ರಾತ್ರಿಯಿಡೀ ನಡೆಸುವ ಆರಾಧನೆ; ನಾಟಕದ ನಾಗನಿಗೂ ಆ ನಾಗನಿಗೂ ಏನು ಸಂಬಂಧ, ಏನು ವ್ಯತ್ಯಾಸ ಎಂದು ವಿವರಿಸಬಲ್ಲವರು ಅವರೇ.

ಕಾಕನಕೋಟೆಯ ಪ್ರಶ್ನೆ

ನಾಗಮಂಡಲ ದೂರದ್ದಾಯಿತು ಎನ್ನುವವರಿಗೆ ಹತ್ತಿರದ ಇನ್ನೊಂದು ಉದಾಹರಣೆಯಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ ನಾಟಕದ ಕಥೆ ನಡೆಯುವುದು ನಾಗರಹೊಳೆಯ ಆಚೆ ಬದಿಯ ಕಾಡಿನಲ್ಲಿ, ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. ಕಾಡುಕುರುಬರ ಕಾಚ ಅದರ ಮುಖ್ಯ ಪಾತ್ರ. ಸಿ.ಆರ್. ಸಿಂಹ ಅದನ್ನು 1970ರ ದಶಕದಲ್ಲಿ ಮೊದಲು ಬೆಂಗಳೂರಿನ ನಟರಂಗ ತಂಡಕ್ಕಾಗಿ ರಂಗಕ್ಕೆ ತಂದರು, 1977ರಲ್ಲಿ ಚಿತ್ರವಾಗಿಸಿದರು. ಅಂದರೆ ಇಲ್ಲಿ ರಂಗಕ್ಕೂ ತೆರೆಗೂ ಒಬ್ಬರೇ ನಿರ್ದೇಶಕರು. ಮಾಧ್ಯಮ ಬದಲಾದದ್ದರಿಂದ ಏನು ಬದಲಾಯಿತು ಎಂದು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಕಾಕನಕೋಟೆ ಎಂದೊಡನೆ ಹಿರಿಯರಿಗೆ ನೆನಪಾಗುವುದು ಖೆಡ್ಡಾ. ಕಾಡಾನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುವ ಆ ಕಾರ್ಯಾಚರಣೆ ಕೊನೆಯ ಬಾರಿಗೆ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಆ ಸೀಮೆಯ ಬಹಳಷ್ಟು ನೆಲ ನೀರಿನಡಿ ಹೋಯಿತು. ದುಬಾರೆಯ ಆನೆ ಶಿಬಿರವನ್ನು ಕಂಡಿರುವ, ಜೇನುಕುರುಬ ಮಾವುತರನ್ನು ಬಲ್ಲ ಇಲ್ಲಿನ ಮಕ್ಕಳಿಗೆ ಈ ನಾಟಕ ಪರಕೀಯವಲ್ಲ. ಆದರೆ ಇಲ್ಲೊಂದು ಎಚ್ಚರವೂ ಬೇಕು. ನಾಟಕ ಬರೆದವರು ಕಾಡಿನವರಲ್ಲ, ತೆರೆಯ ಮೇಲೆ ಕುರುಬರಾಗಿ ಬಂದವರು ನಗರದ ರಂಗಭೂಮಿಯ ಕಲಾವಿದರು. ತರಗತಿಯಲ್ಲೇ ಇರುವ ಹಾಡಿಯ ಮಗುವನ್ನು ಪ್ರದರ್ಶನದ ವಸ್ತುವಾಗಿಸದೆ, ‘ಈ ಉಡುಗೆ ಹೀಗಿರುತ್ತದೆಯೇ, ಈ ಮಾತು ಹೀಗಿದೆಯೇ?’ ಎಂದು ಎಲ್ಲರನ್ನೂ ಕೇಳಿದಂತೆ ಕೇಳಿದರೆ, ಅಂದು ಪಾಠ ಹೇಳುವವರು ಯಾರೆಂಬುದು ತಾನಾಗಿ ಬದಲಾಗಬಹುದು. ನಾಟಕವನ್ನೂ ಚಿತ್ರವನ್ನೂ ತಿದ್ದುವ ಅಧಿಕಾರ ತನಗಿದೆ ಎಂದು ಒಂದು ಮಗುವಿಗೆ ಅನ್ನಿಸಿದರೆ ಅದು ಸಣ್ಣ ಲಾಭವಲ್ಲ.

ಹಳ್ಳಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಹೆಗ್ಗೋಡಿನ ಕಡೆ ಬೆರಳು ತೋರಿಸಬಹುದು. 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನಾಟಕದ ಜೊತೆಗೇ ಚಿತ್ರಸಮಾಜವನ್ನೂ ಕಟ್ಟಿ, ಅಡಿಕೆ ತೋಟದ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. 1985ರಿಂದ ತಿರುಗಾಟದ ಮೂಲಕ ನಾಟಕಗಳನ್ನು ಊರೂರಿಗೆ ಒಯ್ದಿತು. ನಾಟಕ ನೋಡುವ ಕಣ್ಣು ಮತ್ತು ಸಿನಿಮಾ ನೋಡುವ ಕಣ್ಣು ಒಂದನ್ನೊಂದು ಕೆಡಿಸುತ್ತವೆ ಎಂದು ಅಲ್ಲಿ ಯಾರೂ ಭಾವಿಸಲಿಲ್ಲ. ನಮ್ಮ ಕೊಡಗಿಗೂ ರಂಗಭೂಮಿ ಹೊಸತಲ್ಲ. ಹರದಾಸ ಅಪ್ಪಚ್ಚ ಕವಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೊಡವ ಭಾಷೆಯಲ್ಲಿ ನಾಟಕ ಬರೆದವರು.

ಇಂದು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ನಾವು ತೋರಿಸಲಿ, ಬಿಡಲಿ, ಪರೀಕ್ಷೆಯ ಹಿಂದಿನ ರಾತ್ರಿ ಅವರು ಚಿತ್ರ ನೋಡಿಯೇ ನೋಡುತ್ತಾರೆ. ಒಂಟಿಯಾಗಿ, ಅರ್ಧ ಓಡಿಸಿ ನೋಡಿದ ಚಿತ್ರ ಪುಸ್ತಕವನ್ನು ಮುಚ್ಚಿಸುತ್ತದೆ. ಅದೇ ಚಿತ್ರವನ್ನು ನಿಮ್ಮೊಡನೆ ಕುಳಿತು, ನಡುವೆ ನಿಲ್ಲಿಸಿ, ಜಗಳವಾಡುತ್ತ ನೋಡಿದರೆ ಪುಸ್ತಕ ಮತ್ತೆ ತೆರೆದುಕೊಳ್ಳುತ್ತದೆ. ಸಿನಿಮಾ ದಾರಿಯೋ ಅಡ್ಡದಾರಿಯೋ ಎಂಬುದನ್ನು ನಿರ್ಧರಿಸುವುದು ಸಿನಿಮಾ ಅಲ್ಲ, ಅದು ಮುಗಿದ ಮೇಲೆ ತರಗತಿಯಲ್ಲಿ ಏಳುವ ಪ್ರಶ್ನೆ. ಆ ಪ್ರಶ್ನೆಗಾಗಿ ಐದು ನಿಮಿಷ ಉಳಿಸಿಡಿ ಎಂದಷ್ಟೇ ನನ್ನ ವಿನಂತಿ.